ತುಂಬಿಸಿಕೊಳ್ಳದ ಉಡಿ

ಇಂಗ್ಲೆಂಡಿನ ಹಳ್ಳಿ ನೋಡಬೇಕು ಅಂತ ಹಟ ಹಿಡಿದಾಕಿ ನಾನ. ನಾ ಇರೂ ಕೆನಡಾದ ಸ್ಟೌಫ್‌ವಿಲ್‌ನಾಗ ಎಲ್ಲಾ ಮನಿನೂ ಒಂದ ನಮೂನಿ. ಹದಿನೈದು ವರ್ಷ ಅದನ್ನ ನೋಡಿ ನೋಡಿ, ಹಳೇ ಕಲ್ಲಿನ ಮನಿ, ಜಮೀನ್ದಾರರ ಬಂಗಲೆ ಅಂದ್ರ ಬಾಯಿ ಬಿಡತಿದ್ದೆ. ಹೋದ ವರ್ಷ ಎಂಟು ದಿನಕ್ಕ ಅಕ್ಕನ ಮನಿಗೆ ಹೋದಾಗ, ಕಡೀ ದಿನಕ್ಕ ಒಂದು ದೊಡ್ಡ ಬಂಗಲೆಯ ಟಿಕೆಟ್ ತಗಿಸಿದೆ.

ಅಕ್ಕ ಇಂಗ್ಲೆಂಡಿಗೆ ಹೋಗಿ ಮೂವತ್ತು ವರ್ಷ ಆತು. ಅವ್ವ ಹೋದ ಮ್ಯಾಲೆ ನನಗ ತವರುಮನಿ ಅಂದ್ರ ಅಕೀ ಮನಿನ. ನಮ್ಮ ಧಾರವಾಡದ ಕಡೆ ತವರಿಂದ ಹೊಂಟ ಮಗಳಿಗೆ ಉಡಿ ತುಂಬಿನ ಕಳಸೂದು. ಸೆರಗಿನ್ಯಾಗ ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕಿ, ಮ್ಯಾಲೊಂದು ಖಣ. ಗಂಡ ಮಕ್ಕಳು ಛಲೋ ಇರಲಿ ಅಂತ. ಅವ್ವನ ನಂತರ ಅದನ್ನ ಅಕ್ಕನ ಮಾಡಾಕಿ.

ಅವತ್ತ ಮುಂಜಾನಿಂದನ ಧೋ ಅಂತ ಮಳಿ. ಶುಕ್ರವಾರ ಐತಿ, ಉಡಿ ತುಂಬತೀನಿ, ಐದು ನಿಮಿಷ ತಡಿ ಅಂದಳು ಅಕ್ಕ. ನಾನೆಲ್ಲೆ ತಡೀಬೇಕು! ಟಿಕೆಟ್ಟಿನ ಟೈಮ್ ಮೀರತೈತಿ ಅಂತ ಗದ್ದಲ ಹಾಕಿದೆ. ಜಡ್ಡಿನ್ಯಾಗಿದ್ದ ಭಾವನ ಹತ್ರ ತನ್ನ ಮಗನ್ನ ಕೂಡಿಸಿ, ಅಕ್ಕ ತಾನ ಕಾರು ಹೊಡಕೊಂತ ಬಂದಳು. ಎರಡು ಹಳ್ಳಿ ನೋಡಿದ್ವಿ. ಓಣ್ಯಾಗ ಒಂದು ನರಪಿಳ್ಳೆ ಇರಲಿಲ್ಲ, ಬರೇ ಮಳಿ. ನಾ ಮಾತ್ರ ಗ್ವಾಡಿ ಗ್ವಾಡಿಗೂ ಫೋಟೋ ತಗದೆ.

ಬಂಗಲ್ಯಾಗ ಕುರ್ಚಿ ಕುರ್ಚಿಗೂ ಹಗ್ಗ ಕಟ್ಟಿದ್ರು, ಕೂಡಂಗಿಲ್ಲ. ಇಷ್ಟು ಕೋಣಿ ಕಸಾ ಹೊಡಿಯೋರು ಯಾರವಾ ಅಂತ ಅಕ್ಕ ನಗಿಸಿದಳು. ಆಮ್ಯಾಲೆ ಅಕೀ ಮೊಳಕಾಲು ನೋಯಾಕ ಹತ್ತಿ, ಹಿಂದಿನ ಟೀ ರೂಮಿನ್ಯಾಗ ಹೋಗಿ ಕೂತಳು. ನಾ ಒಂದು ಕೋಣಿ ಬಿಡಲಿಲ್ಲ, ಎರಡು ತಾಸು ತಿರಿಗಿದೆ.

ಬಂದು ನೋಡತೀನಿ, ಚಹಾದ ಕಪ್ಪು ಸರಿಸಿ ಟೇಬಲ್ ಮ್ಯಾಲೆ ಒಂದು ಗಂಟು ಬಿಚ್ಚಿ ಇಟಗೊಂಡಾಳ. ಅಕ್ಕಿ, ಕೊಬ್ಬರಿ, ಕುಂಕುಮದ ಡಬ್ಬಿ, ಹಸರು ಖಣ. ನಾಳೆ ನಸುಕಿನ್ಯಾಗ ಹೋಗೂ ಗಡಿಬಿಡ್ಯಾಗ ಆಗಂಗಿಲ್ಲ, ಸೆರಗಿಲ್ಲಂದ್ರ ಕೊಳ್ಳಾಗಿನ ಓಡ್ನಿನ ಒಡ್ಡು ಅಂತ ಮುಷ್ಟಿಯೊಳಗ ಅಕ್ಕಿ ಹಿಡಕೊಂಡ ನಿಂತಳು.

ಸುತ್ತ ಎಲ್ಲಾ ಬಿಳೇ ಮಂದಿ, ಕೇಕ್ ತಿನ್ನಕೊಂತ ನಮ್ಮ ಕಡೆನ ನೋಡಾಕ ಹತ್ತಿದ್ರು. ನನಗ ನಾಚಿಕಿ ಆತು, ಖರೇ ಹೇಳತೀನಿ.

“ಇಲ್ಲೆ ಬ್ಯಾಡಕ್ಕ, ಮಂದಿ ನೋಡತಾರ. ಕೆನಡಾದಾಗ ಅಕ್ಕಿ ಒಳಗ ಬಿಡಂಗೂ ಇಲ್ಲ. ಮುಂದಿನ ಸಲ ಬಂದಾಗ ತುಂಬೀಯಂತ.”

ಅಕ್ಕ ಹೂಂ ಅಂದು ಗಂಟು ಕಟ್ಟಿದಳು. ಮನಿಗೆ ಬರೂದ್ರಾಗ ಭಾವಗ ಉಸಿರು ಕಟ್ಟಿತ್ತು, ಅಕೀಗೆ ಅದ ಓಡಾಟ ಆತು. ಮರುದಿನ ನಾ ಹಂಗ ಬಂದೆ.

ಐದು ತಿಂಗಳಿಗೆ ಭಾವ ತೀರಿಕೊಂಡರು.

ಈ ಸಲ ನವರಾತ್ರಿಗೆ ಬಾಜೂ ಊರು ಅರೋರಾದಾಗಿನ ಗೆಳತಿ ನನ್ನ ಉಡಿ ತುಂಬಿದಳು. ಭಾಳ ಪ್ರೀತಿಲೆ ತುಂಬಿದಳು, ಆದ್ರ ಕಣ್ಣಾಗ ನೀರು ನಿಲ್ಲವಲ್ದು. ಅಕ್ಕನ ಕೈ ಬೇಕಾಗಿತ್ತು ನನಗ. ಮರುದಿನಾನ ಟಿಕೆಟ್ ತಗಸಿ ಅಕ್ಕಗ ಫೋನ್ ಹಚ್ಚಿದೆ. ಯಾವ ಹಳ್ಳಿನೂ ಬ್ಯಾಡ, ಬಂಗಲೆನೂ ಬ್ಯಾಡ, ನೀ ಉಡಿ ತುಂಬಿದ್ರ ಸಾಕು ಅಂದೆ.

ಗಂಡನ್ನ ಕಳಕೊಂಡಾಕಿ ಉಡಿ ತುಂಬಬಾರದವಾ ಅಂದಳು. ನನಗ ಸಿಟ್ಟು ನೆತ್ತಿಗೇರಿತು. ಕಾರು ಹೊಡಿತೀ, ಇಂಗ್ಲಿಷರಿಗೆ ಸಾಲ್ಯಾಗ ಗಣಿತ ಕಲಿಸತೀ, ಇನ್ನೂ ಇಂಥಾದ್ದ ನಂಬತೀ ಅಂತ ಬಾಯಿಗೆ ಬಂದಂಗ ಅಂದೆ. ಎಲ್ಲಾ ಕೇಳಿಸಿಕೊಂಡಳು.

“ನಂಬಂಗಿಲ್ಲ ತಂಗಿ. ಆದ್ರ ನಾಳೆ ನಿನ್ನ ಗಂಡಗ ಏನರ ಆದ್ರ, ನನ್ನ ಕೈಯಿಂದಾತು ಅಂತ ನಾ ಸಾಯೂತನಕ ಅಳಬೇಕು. ಅದೊಂದು ಕೇಳಬ್ಯಾಡ ನನ್ನ.”

ಕೆಟ್ಟ ಮ್ಯಾಲೆ ಬುದ್ಧಿ ಬಂತು ಅಂತಾರಲ್ಲ, ಹಂಗಾತು. ಮುಂದಿನ ತಿಂಗಳ ಹೋಗತೀನಿ. ಅಕ್ಕ ಬಾಗಿಲ ತನಕ ಬರತಾಳ, ಮೈ ತುಂಬ ಅಪ್ಪಿಕೋತಾಳ. ಬರೂ ಮುಂದ ಮಾತ್ರ ನಾ ಬರೇ ಉಡಿಲೆ ಬರಬೇಕು.