ನಿಮ್ಮ ಹೆಸರೇ ಹಾಕಿ, ಭಾವ

ಅವತ್ತು ಮಂಗಳವಾರ. ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ, ಏಳು ಚುಕ್ಕಿಯ ರಂಗೋಲಿ ಬಿಟ್ಟು, ಹಾಲು ಕಾಯಲಿಟ್ಟೆ. ಹಿಂದಿನ ಬೀದಿಯಲ್ಲಿ ನೂಲು ಬಿಚ್ಚುವವರು ರೇಷ್ಮೆ ಗೂಡು ಬೇಯಿಸಲು ಶುರುಮಾಡಿದ್ದರು. ಶಿಡ್ಲಘಟ್ಟದಲ್ಲಿ ಬೆಳಗಾಯಿತೆಂದು ಕೋಳಿಗಿಂತ ಮೊದಲು ಆ ವಾಸನೆ ಹೇಳುತ್ತದೆ. ನಮ್ಮ ಯಜಮಾನರು ದಿಬ್ಬೂರಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರು. ಅವರ ಡಬ್ಬಿಗೆ ಚಿತ್ರಾನ್ನ. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಡಿಪ್ಲೊಮಾ ಓದುವ ಮಗಳ ಡಬ್ಬಿಗೂ ಅದೇ, ಆದರೆ ಕಡಲೆಬೀಜ ಆರಿಸಿ ತೆಗೆದು. ಇಬ್ಬರೂ ಬಸ್ಸಿಗೆ ಹೋದಮೇಲೆ ತಣ್ಣಗಾದ ನನ್ನ ಕಾಫಿಯನ್ನು ಇನ್ನೊಮ್ಮೆ ಬಿಸಿ ಮಾಡಿಕೊಂಡು ಕೂತೆ. ಆಗ ಗೌರಿಬಿದನೂರಿನಿಂದ ಫೋನು ಬಂತು. ಹೋದ ವರ್ಷ ಮಗಳ ಆರತಿ ಶಾಸ್ತ್ರಕ್ಕೆಂದು ನಮ್ಮಿಂದ ಎರಡು ಹಾರ ಮಾಡಿಸಿಕೊಂಡಿದ್ದ ಹೆಂಗಸು.

"ಏನಮ್ಮಾ, ನೀವೂ ಪ್ಲಾಸ್ಟಿಕ್ ಹೂವಿಗೆ ಇಳಿದ್‌ಬಿಟ್ರಾ?"

ನಾವು ಮಾಡುವುದು ರೇಷ್ಮೆ ಗೂಡಿನ ಹೂವು. ಚಿಟ್ಟೆ ಕೊರೆದು ಹೊರಬಂದ ಗೂಡಿನಿಂದ ನೂಲು ತೆಗೆಯಲಾಗುವುದಿಲ್ಲ. ಅಂಥದ್ದನ್ನು ತಂದು, ಕತ್ತರಿಸಿ, ಎಸಳು ಮಾಡಿ ಕಟ್ಟುತ್ತೇವೆ. ನಾಲ್ಕು ಜನ ಹೆಂಗಸರು. ಬಣ್ಣ ಹಾಕುವುದಿಲ್ಲ, ಬಿಳಿ ಗೂಡಿಗೆ ಬಿಳಿ ಹೂವು, ಹಳದಿ ಗೂಡಿಗೆ ಹಳದಿ. ಮೂರು ವರ್ಷದ ಹಿಂದೆ ಇದಕ್ಕೊಂದು ವೆಬ್‌ಸೈಟು ಮಾಡಿದ್ದೆವು. ಅದರ ಹೆಸರು ನಾನೇ ಯೋಚಿಸಿ ಇಟ್ಟದ್ದು. ಕನ್ನಡದ ಸಾಲು, ಇಂಗ್ಲಿಷಿನ ಸಾಲು ಎರಡೂ ನಾನೇ ಬರೆದದ್ದು. ಮುಖ ಬೇಡವೆಂದು ನಾಲ್ವರ ಕೈಗಳ ಫೋಟೋ ಹಾಕಿದ್ದೆ. ನಾಲ್ವರಲ್ಲಿ ಒಬ್ಬರಾದ ಪಕ್ಕದ ಮನೆ ಆಪಾ ಅವರ ಬೆರಳುಗಳು ಬಿಸಿನೀರಿನಲ್ಲಿ ನೂಲಿನ ಎಳೆ ಹಿಡಿದೂ ಹಿಡಿದೂ ಬೆಳ್ಳಗೆ ಸುಕ್ಕಾಗಿವೆ. ಆ ಫೋಟೋ ನೋಡಿಯೇ ಎಷ್ಟೋ ಜನ ಫೋನು ಮಾಡುತ್ತಿದ್ದರು.

ಮೊಬೈಲಿನಲ್ಲಿ ತೆರೆದು ನೋಡಿದೆ. ಮೇಲೆ ನಾನಿಟ್ಟ ಹೆಸರು ಅಕ್ಷರ ತಪ್ಪದೆ ಹಾಗೇ ಇತ್ತು. ಕೆಳಗೆ ಮೆಷೀನಿನಲ್ಲಿ ಅಚ್ಚು ಹೊಡೆದ ಕೇಸರಿ ಬಣ್ಣದ ಹೂಗಳು, ಒಂದರ ಹಾಗೇ ಇನ್ನೊಂದು. ನಮ್ಮ ಕೈಗಳು ಇರಲಿಲ್ಲ.

ಯಜಮಾನರಿಗೆ ಫೋನು ಮಾಡಿದೆ. ಬಸ್ಸಿನ ಸದ್ದು.

"ಯಾರೋ ಹ್ಯಾಕ್ ಮಾಡಿರ್ತಾರೆ ಕಣೇ. ಚೈನಾದೋರು ಇರ್ಬೇಕು. ಸಾಯಂಕಾಲ ಬಂದ್ ನೋಡಣ ಬಿಡು."

ಶಿಡ್ಲಘಟ್ಟದ ಗೂಡಿನ ಹೂವಿನ ಮೇಲೆ ಚೈನಾದವರಿಗೆ ಅದೇನು ಕಣ್ಣೋ. ಮಗಳಿಗೆ ಮಾಡಿದೆ. ಅವಳೂ ಇನ್ನೂ ಬಸ್ಸಿನಲ್ಲೇ ಇದ್ದಳು, ಪಿಸುಗುಟ್ಟಿದಳು. "ಅಮ್ಮ, ನನ್ ಲ್ಯಾಪ್‌ಟಾಪ್ ಬೀರು ಮೇಲೈತೆ. ಆ ಕಪ್ಪು ಕಿಟಕಿ ತೆಗಿ, ಅವತ್ತು ತೋರಿಸ್ದೆನಲ್ಲ. whois ಅಂತ ಹೊಡಿ, ಒಂದ್ ಜಾಗ ಬಿಡು, ನಮ್ ಸೈಟ್ ಹೆಸ್ರು ಹೊಡಿ, ಎಂಟರ್ ಒತ್ತು. ಆ ಹೆಸ್ರು ಯಾರ್ದು, ಯಾವಾಗ ತಗೊಂಡಿದ್ದು, ಎಲ್ಲ ಹೇಳುತ್ತೆ."

ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು, ಕೈ ಒರೆಸಿಕೊಂಡು, ಒಂದು ಬೆರಳಿನಲ್ಲಿ ಹೊಡೆದೆ. ಚಿತ್ರವಿಲ್ಲ, ಬಣ್ಣವಿಲ್ಲ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರಗಳ ಸಾಲುಗಳು ಸರಸರನೆ ಇಳಿದು ನಿಂತವು. ನಾನು ಕಾನ್ವೆಂಟಿನಲ್ಲಿ ಓದಿದವಳು. ಯಾವ ಕಾಗದವನ್ನೂ ಸಹಿಯವರೆಗೆ ಓದಬೇಕೆಂದು ಸಿಸ್ಟರ್ ಕಲಿಸಿದ್ದರು. ಬೆರಳಿಟ್ಟುಕೊಂಡು ಓದಿದೆ. ಒಡೆಯರ ಹೆಸರು ಇದ್ದ ಕಡೆ ಗೋಪ್ಯತೆಗಾಗಿ ಮರೆಮಾಡಲಾಗಿದೆ ಎಂದಿತ್ತು. ವಿಳಾಸಕ್ಕೂ ಹಾಗೇ. ಸಂಸ್ಥೆ ಎನ್ನುವ ಸಾಲಿನಲ್ಲಿ ಮಾತ್ರ ಮರೆಯಿರಲಿಲ್ಲ. ಚಿಕ್ಕಬಳ್ಳಾಪುರದಲ್ಲಿರುವ ನಮ್ಮ ಭಾವನವರ ಸ್ಟೇಷನರಿ ಅಂಗಡಿಯ ಹೆಸರು ಅಲ್ಲಿ ಪೂರ್ತಿಯಾಗಿ ಇತ್ತು. ಭಾವ ಎಂದರೆ ಯಜಮಾನರ ಅಣ್ಣ.

ಮೊದಲು ಸಮಾಧಾನವೇ ಆಯಿತು, ಸದ್ಯ ಮನೆಯವರ ಕೈಯಲ್ಲೇ ಇದೆ ಎಂದು. ಆಮೇಲೆ ಕೊನೆಯ ಬದಲಾವಣೆ ಎನ್ನುವ ಸಾಲು ಓದಿದೆ. ಹೋದ ಭಾನುವಾರದ ತಾರೀಖು, ಏಳು ಗಂಟೆ ಹನ್ನೆರಡು ನಿಮಿಷ, ತುದಿಯಲ್ಲಿ ಒಂದು Z.

"Z ಅಂದ್ರೆ ಗ್ರೀನ್‌ವಿಚ್ ಟೈಮಮ್ಮ," ಎಂದಳು ಇನ್ನೂ ಫೋನಿನಲ್ಲೇ ಇದ್ದ ಮಗಳು.

ಅಷ್ಟು ಸಾಕಿತ್ತು. ಆರನೇ ಕ್ಲಾಸಿನಲ್ಲಿ ಸಿಸ್ಟರ್ ಗ್ಲೋಬು ತಿರುಗಿಸುತ್ತಾ ಬಾಯಿಪಾಠ ಮಾಡಿಸಿದ್ದರು, ನಮ್ಮ ದೇಶಕ್ಕೆ ಐದೂವರೆ ಗಂಟೆ ಕೂಡಿಸಿ ಎಂದು. ಕೂಡಿಸಿದೆ. ಭಾನುವಾರ ಮಧ್ಯಾಹ್ನ ಹನ್ನೆರಡು ನಲವತ್ತೆರಡು. ಆ ಹೊತ್ತಿನಲ್ಲಿ ನಾನು ಎಲ್ಲಿದ್ದೆನೆಂದು ನನಗೆ ಚೆನ್ನಾಗಿ ನೆನಪಿದೆ. ಭಾವನವರ ಮನೆಯ ಅಡುಗೆಮನೆಯಲ್ಲಿ ಒಬ್ಬಟ್ಟಿಗೆ ಬೇಯಿಸಿದ ಬೇಳೆ ಬಸಿಯುತ್ತಿದ್ದೆ. ಅವರ ಮಗಳನ್ನು ನೋಡಲು ಚಿಂತಾಮಣಿಯಿಂದ ಗಂಡಿನ ಕಡೆಯವರು ಬಂದಿದ್ದರು. ಓರಗಿತ್ತಿ ಒಬ್ಬರಿಗೇ ಆಗುವುದಿಲ್ಲವೆಂದು ನನ್ನನ್ನು ಮುಂಜಾನೆಯೇ ಕರೆಸಿದ್ದರು. ಹಾಲಿನಲ್ಲಿ ಭಾವ ಮತ್ತು ಗಂಡಿನ ತಂದೆ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ಕೂತಿದ್ದರು. ಕಾಫಿ ಕೊಡಲು ಹೋದವಳು, ಚೆಲ್ಲಿದರೆ ಹಾಳಾದೀತೆಂದು ಆ ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಹಿಡಿದು ಪಕ್ಕಕ್ಕೆ ಸರಿಸಿ ಲೋಟ ಇಟ್ಟಿದ್ದೆ. ಗಂಡಿನ ತಂದೆ ಬಾಯಿತುಂಬಾ ಹೇಳಿದ್ದರು, "ಕಾಫಿ ಬಲು ಚೆನ್ನಾಗೈತಮ್ಮ."

ಕಿವಿಯ ಹಿಂದೆ ಬಿಸಿಯಾಯಿತು. ಕೋಪ ಬಂದರೆ ಹತ್ತರವರೆಗೆ ಎಣಿಸಬೇಕೆಂದು ಕಲಿತವಳು ನಾನು. ಎಣಿಸಿದೆ. ಹತ್ತಾದಮೇಲೆ ಕೋಪ ಮೊದಲಿಗಿಂತ ಜಾಸ್ತಿಯಾಗಿತ್ತು.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನೊಂದಿಗೆ ನೇರವಾಗಿ ಮಾತಾಡುವುದು ಕಡಿಮೆ. ಹದಿನೆಂಟು ವರ್ಷದಿಂದ ಬಾಗಿಲ ಚೌಕಟ್ಟಿನ ಹಿಂದೆ ನಿಂತು ಯಜಮಾನರಿಗೆ ಹೇಳುತ್ತೇನೆ, ಅವರು ಅಣ್ಣನಿಗೆ ಹೇಳುತ್ತಾರೆ. ಅವತ್ತು ಮೊದಲ ಸಲ ನಾನೇ ಫೋನು ಮಾಡಿದೆ.

"ಭಾವ, ನಾನು."

"ಯಾರು? ಓ, ನೀನಾ? ಯಾಕಮ್ಮ, ಅವನಿಗೇನಾಯ್ತು?"

"ಅವರಿಗೇನೂ ಆಗಿಲ್ಲ. ನನ್ನ ವೆಬ್‌ಸೈಟಿಗೆ ಏನಾಯ್ತು?"

"ಅದಾ! ಹೇಳಣ ಅಂತಿದ್ದೆ, ಮರ್ತೋಯ್ತು. ಆ ಚಿಂತಾಮಣಿಯೋರದೂ ಹೂವಿನ ವ್ಯಾಪಾರಾನೇ. ಹೆಸ್ರು ತುಂಬ ಇಷ್ಟ ಆಯ್ತು ಅವರಿಗೆ. ಬೀಗರಾಗೋರು ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗುತ್ತಾ?"

"ಅದು ನಂದು, ಭಾವ."

"ನಿಂದು ನಂದು ಅಂತ ಏನೈತಮ್ಮ, ಒಂದೇ ಮನೆ. ಅಲ್ದೆ, ಅದು ನನ್ನ ಹೆಸ್ರಲ್ಲೇ ತಾನೆ ಇರೋದು? ನೀನೇ ಹಾಕಿ ಅಂದಿದ್ದೆ."

ನಿಜ, ನಾನೇ ಅಂದಿದ್ದೆ. ಮೂರು ವರ್ಷದ ಹಿಂದೆ ನಮ್ಮ ಹಾಲಿನಲ್ಲಿ ಕೂತು ಭಾವ ಆ ಫಾರಂ ತುಂಬುತ್ತಿದ್ದರು. "ಯಾರ ಹೆಸ್ರು ಹಾಕಣ?" ಎಂದು ಕೇಳಿದರು. ನಾನು ಚೌಕಟ್ಟಿಗೆ ಒರಗಿ, ಸೆರಗು ಸರಿಮಾಡಿಕೊಂಡು, "ನಿಮ್ಮ ಹೆಸರೇ ಹಾಕಿ, ಭಾವ, ಹಿರಿಯರು" ಎಂದಿದ್ದೆ. ಮದುವೆಯ ಕಾಗದದಲ್ಲಿ ಹಿರಿಯರ ಹೆಸರು ಮೇಲೆ ಬರುತ್ತದೆ. ಗೃಹಪ್ರವೇಶದ ಸಂಕಲ್ಪವೂ ಅವರ ಹೆಸರಿನಲ್ಲೇ. ಇದೂ ಅಂಥದ್ದೇ ಮರ್ಯಾದೆ ಎಂದುಕೊಂಡಿದ್ದೆ. ಅವರು ಒಂದು ಸಲವಾದರೂ "ಬೇಡಮ್ಮ, ನಿನ್ನದೇ ಇರಲಿ" ಎನ್ನುತ್ತಾರೆಂದು ಒಳಗೊಳಗೇ ಕಾದಿದ್ದೆ ಕೂಡ. ಮರ್ಯಾದೆಗೆ ಆಡಿದ ಮಾತಿಗೆ ಮರ್ಯಾದೆಯ ಉತ್ತರ ಬರಬೇಕಲ್ಲವೇ? ಅವರು ಟೈಪು ಮಾಡಿಕೊಂಡರು.

"ವಾಪಸ್ ಇಸ್ಕೊಡಿ," ಎಂದೆ.

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನಮ್ಮ? ಹುಡುಗಿ ಮದ್ವೆ ವಿಷ್ಯ. ನೀನು ಇನ್ನೊಂದ್ ಹೆಸ್ರು ಯೋಚ್ನೆ ಮಾಡು, ನಾನೇ ಮಾಡ್ಕೊಡ್ತೀನಿ."

"ಬೇಡಿ. ನೀವು ಮಾಡಿದ್ದು ಸಾಕು."

ಇಡುತ್ತೇನೆ ಎಂದೂ ಹೇಳದೆ ಫೋನು ಇಟ್ಟೆ. ತೊಳೆದಿಟ್ಟ ಪಾತ್ರೆಗಳನ್ನೆಲ್ಲಾ ಇಳಿಸಿ ಇನ್ನೊಮ್ಮೆ ಉಜ್ಜಿದೆ. ಎಲೆ ಅಡಿಕೆಯ ತಟ್ಟೆಯಲ್ಲಿ ಬಾಳೆಹಣ್ಣು ಇಟ್ಟು ಕೊಡುವ ಹಾಗೆ ನನ್ನ ಹೆಸರನ್ನು ಕೊಟ್ಟರಲ್ಲ! ನಾನು ಆರು ಹೆಜ್ಜೆ ದೂರದಲ್ಲಿದ್ದೆ. ಜೋರಾಗಿಯೂ ಕೂಗಬೇಕಿರಲಿಲ್ಲ, "ಏನಮ್ಮ, ಕೊಡ್ಲಾ?" ಎಂದಿದ್ದರೆ ಸಾಕಿತ್ತು. ಬಹುಶಃ ಆಗಲೂ ನಾನು "ನಿಮ್ಮಿಷ್ಟ, ಭಾವ" ಎನ್ನುತ್ತಿದ್ದೆನೇನೋ. ಅದಕ್ಕೂ ಸಿಟ್ಟು ಬಂತು. ಮಧ್ಯಾಹ್ನ ಮಾಡಿದ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಯಜಮಾನರು ರಾತ್ರಿಗೆ ಅದನ್ನೇ ಉಣ್ಣಲಿ ಎಂದು ನೀರು ಬೆರೆಸದೆ ಬಿಟ್ಟೆ.

ಸಾಯಂಕಾಲ ಐದಕ್ಕೆ ಮಗಳು ಬಂದಳು. ಬ್ಯಾಗು ಇಳಿಸುವ ಮೊದಲೇ, ವೆಬ್‌ಸೈಟಿಗೆಂದು ನಾನು ಯೋಚಿಸಿ ಬರೆದಿಟ್ಟ ಹೊಸ ಹೆಸರಿನ ಚೀಟಿ ಕೈಗೆ ಕೊಟ್ಟೆ. ಅದನ್ನು ಯಾರಾದರೂ ತೆಗೆದುಕೊಂಡಿದ್ದಾರೋ ಎಂದು ಅದೇ ಕಪ್ಪು ಕಿಟಕಿಯಲ್ಲಿ ಕೇಳಿದಳು. ಇಲ್ಲವೆಂದು ಒಂದೇ ಸಾಲಿನ ಉತ್ತರ ಬಂತು. ಫಾರಂ ತೆರೆಯುವ ಹೊತ್ತಿಗೆ ಯಜಮಾನರೂ ಬಂದು ಹಿಂದೆ ನಿಂತರು.

"ಅಣ್ಣಂಗೊಂದ್ ಮಾತು ಹೇಳಿ..."

"ಏನಂತ?" ಎಂದೆ.

ಅವರು ಚಪ್ಪಲಿ ಬಿಟ್ಟಿರಲಿಲ್ಲ. ಬಿಡಲು ಹೊರಗೆ ಹೋದರು.

ಹೆಸರಿನ ಜಾಗದಲ್ಲಿ ನನ್ನ ಹೆಸರನ್ನು ನಾನೇ ಹೊಡೆದೆ, ಸ್ಕೂಲಿನ ಸರ್ಟಿಫಿಕೇಟಿನಲ್ಲಿ ಇರುವ ಹಾಗೆ ಅಪ್ಪನ ಇನಿಷಿಯಲ್ ಸಮೇತ. ಇಮೇಲು ನನ್ನದು, ಫೋನು ನನ್ನದು. ಸ್ವಲ್ಪ ಹೊತ್ತು ಬಿಟ್ಟು whois ಕೇಳಿದಾಗ ಅವತ್ತಿನ ತಾರೀಖು ಬಂತು. ಐದೂವರೆ ಕೂಡಿಸಿ ಗೋಡೆ ಗಡಿಯಾರ ನೋಡಿಕೊಂಡೆ, ಸರಿಯಾಗಿತ್ತು. ಆದರೆ ಒಡೆಯರ ಹೆಸರಿನ ಕಡೆ ಗೋಪ್ಯತೆಗಾಗಿ ಮರೆಮಾಡಲಾಗಿದೆ ಎಂದೇ ಇತ್ತು.

"ಎಲ್ಲರ್ದೂ ಹಂಗೇ ತೋರ್ಸೋದಮ್ಮ," ಎಂದು ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಆ ಪರದೆಯ ಮೇಲೆ ನನ್ನ ಹೆಸರು ಒಂದು ಸಲ ಕಣ್ಣಾರೆ ಕಾಣಬೇಕಿತ್ತು.

ಕೈಗಳ ಫೋಟೋ ನನ್ನ ಮೊಬೈಲಿನಲ್ಲಿ ಇತ್ತು; ಹೊಸ ಕಡೆ ಹಾಕಬಹುದು. ಹಳೆಯ ಹೆಸರು ಹುಡುಕಿಕೊಂಡು ಬರುವ ಮಂಚೇನಹಳ್ಳಿಯವರು, ಗೌರಿಬಿದನೂರಿನವರು ಪ್ಲಾಸ್ಟಿಕ್ಕಿನ ಮುಂದೆಯೇ ನಿಲ್ಲುತ್ತಾರೆ. ಅವರಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ ಹೇಳಬೇಕು. ಹೇಳುತ್ತೇನೆ. ಯಾಕೆ ಬದಲಾಯಿತು ಎಂದು ಕೇಳಿದರೆ ಅದನ್ನೂ ಹೇಳುತ್ತೇನೆ.

ಅಷ್ಟರಲ್ಲಿ ಪಕ್ಕದ ಮನೆ ಆಪಾ ಒಂದು ಬುಟ್ಟಿ ತೂತು ಗೂಡು ಹಿಡಿದು ಬಂದರು. ನಾನು ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಇಬ್ಬರಲ್ಲಿ ದೊಡ್ಡವರು ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ಜಗಲಿಯ ಮೇಲೆ ಕೂತು ಅವರು ಗೂಡು ಆರಿಸತೊಡಗಿದರು. ನಾನು ಬೆಳಗಿನಿಂದ ಆದದ್ದನ್ನೆಲ್ಲಾ ಹೇಳಿದೆ, ಗ್ರೀನ್‌ವಿಚ್ ಗಂಟೆಯನ್ನೂ ಬಿಡದೆ. ಅವರು ಒಂದು ಹಳದಿ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬಿಳಿಯದರ ರಾಶಿಯಿಂದ ಬೇರೆ ಮಾಡಿ ಇಟ್ಟರು.

"ನಮ್ಮನೇದು ಗ್ಯಾಸು ಇನ್ನೂ ಮಾವನ ಹೆಸ್ರಲ್ಲೇ ಐತೆ ಅಕ್ಕ. ಅವರು ಹೋಗಿ ಎಂಟು ವರ್ಷ ಆಯ್ತು. ಸಿಲಿಂಡರ್ ತರೋನು ಬಂದು 'ಸಾಹೇಬ್ರು ಅವ್ರಾ' ಅಂದಾಗೆಲ್ಲ, 'ಅವ್ರೆ, ಒಳಗ್ ಮಲ್ಗವ್ರೆ' ಅಂತೀನಿ."