ಮೋರಿಯ ಮೇಲಿನ ಪ್ರಾರ್ಥನೆ

ನಾನು ಮಾರ್ಮನ್ ಎಂಬ ಕ್ರೈಸ್ತ ಪಂಥದ ಮಿಷನರಿಯಾಗಿ ಎರಡು ವರ್ಷ ಸೇವೆ ಮಾಡಿ ಬಂದವನು ಎಂದು ಗೊತ್ತಾದ ಕೂಡಲೇ ಕೆಲವರು ನನ್ನನ್ನು ಸಾಧುವಿನಂತೆ ನೋಡುತ್ತಾರೆ, ಕೆಲವರು ಕಳ್ಳನಂತೆ. ಎರಡೂ ಅಲ್ಲ. ಆಗ ನಾನು ಇಪ್ಪತ್ತೊಂದು ವರ್ಷದ, ಇಸ್ತ್ರಿ ಮಾಡಿದ ಬಿಳಿ ಅಂಗಿಯ, ತನ್ನ ಬಗ್ಗೆ ತನಗೇ ಬಹಳ ಮೆಚ್ಚುಗೆಯಿದ್ದ ಒಬ್ಬ ಹುಡುಗ. ಅವನನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಮಿಷನರಿಗಳು ಒಬ್ಬೊಬ್ಬರೇ ಓಡಾಡುವಂತಿಲ್ಲ. ಊಟ, ನಿದ್ದೆ, ಬಸ್ಸು, ಮೆಟ್ರೋ ಎಲ್ಲದರಲ್ಲೂ ಇಬ್ಬರು ಜೋಡಿ. ನನ್ನ ಜೊತೆಗಾರ ವಿಶಾಖಪಟ್ಟಣದ ಕಡೆಯವನು, ಕನ್ನಡ ಆಗಷ್ಟೇ ಕಲಿಯುತ್ತಿದ್ದ. ನಾವು ಆರ್‌ಪಿಸಿ ಲೇಔಟ್‌ನ ಒಂದು ಮನೆಯ ಎರಡನೇ ಮಹಡಿಯಲ್ಲಿದ್ದೆವು. ವಾರಕ್ಕೊಂದು ಬೆಳಿಗ್ಗೆ ಮೇಜಿನ ಎದುರುಬದುರು ಕೂತು, ಪ್ರಾರ್ಥನೆ ಮಾಡಿ, ಆ ವಾರದ ಗುರಿಗಳನ್ನು ಬರೆಯಬೇಕು. ಯಾರನ್ನು ನೋಡಬೇಕು, ಏನು ಕಲಿಸಬೇಕು ಎಂಬುದು ಜಂಟಿ ಗುರಿ. ಅದರ ಕೆಳಗೆ ಒಬ್ಬೊಬ್ಬರಿಗೂ ಒಂದು ಸ್ವಂತ ಗುರಿ, ಆತ್ಮಕ್ಕೆ ಸಂಬಂಧಿಸಿದ್ದು. ಗುರಿ ಬರೆಯುವುದು ಏನೂ ಕಷ್ಟವಲ್ಲ, ಬರೆದಾಗ ಒಂಥರಾ ಪುಣ್ಯ ಬಂದಂತೆಯೇ ಇರುತ್ತದೆ. ಎರಡು ದಿನ ಕಳೆದ ಮೇಲೆ ಅದು ನೆನಪಿರಬೇಕಲ್ಲ, ಕಷ್ಟ ಅಲ್ಲಿದೆ. ನನ್ನ ಜೊತೆಗಾರ ತನ್ನದನ್ನು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸುತ್ತಿದ್ದ. ನನಗೆ ಅದು ಬಾಲಿಶ ಅನ್ನಿಸುತ್ತಿತ್ತು.

ಆಗ ನಾವು ನಾಯಂಡಹಳ್ಳಿಯಲ್ಲಿ, ಗೋಡೌನುಗಳ ಹಿಂದಿನ ಬೀದಿಯ ಒಂದು ಮನೆಗೆ ಹೋಗುತ್ತಿದ್ದೆವು. ಧಾರವಾಡದ ಕಡೆಯ ಗಂಡ ಹೆಂಡತಿ. ಗಂಡ ಅಲ್ಲೇ ಒಂದು ಗೋಡೌನಿನಲ್ಲಿ ಮೇಲ್ವಿಚಾರಕರಾಗಿದ್ದವರು, ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಅಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದ ನಮ್ಮ ಸಭೆಯ ಹೆಂಗಸೊಬ್ಬರು ನಮ್ಮ ವಿಷಯ ಹೇಳಿದ್ದರಿಂದ ಇವರೇ ನಮ್ಮನ್ನು ಕರೆಸಿಕೊಂಡರು. ನೆಂಟರಿಷ್ಟರು ಮೊದಮೊದಲು ಹಣ್ಣು ತಂದು ನೋಡಿಹೋದವರು ಆಮೇಲೆ ತಲೆ ಹಾಕಿರಲಿಲ್ಲ. ವಾರಕ್ಕೊಮ್ಮೆ ಬಂದು ಆ ಮಂಚದ ಪಕ್ಕ ಕೂರುತ್ತಿದ್ದವರು ನಾವಿಬ್ಬರೇ. ಮಂಚದ ಮೇಲಿದ್ದ ಅವರಿಗೆ ನಮ್ಮ ಪಾಠಕ್ಕಿಂತ ಹಾಡು ಇಷ್ಟ. ಹಣೆಯ ತುಂಬಾ ವಿಭೂತಿ ಹಚ್ಚಿಸಿಕೊಂಡು ಕಾಯುತ್ತಿದ್ದರು. ಒಂದು ಹಾಡು ಮುಗಿದರೆ, ಬಾಯಿ ಸೊಟ್ಟಗಾಗಿದ್ದರೂ, “ಇನ್ನೊಂದ್ ಹಾಡ್ರಿ” ಎನ್ನುತ್ತಿದ್ದರು.

ಆ ದಂಪತಿಗಾಗಿ ದಿನಕ್ಕೆರಡು ಸಲ ಮನಸ್ಸಿಟ್ಟು ಪ್ರಾರ್ಥಿಸುವುದು ನಾನು ಬರೆದುಕೊಂಡ ಗುರಿ. ಮೂರು ವಾರ ಸತತವಾಗಿ ಮರೆತೆ. ವಾರದ ಕೊನೆಗೆ ಜೊತೆಗಾರ “ಮಾಡಿದ್ಯಾ ಬ್ರೋ?” ಎಂದು ಕೇಳಿದಾಗ ಇಲ್ಲ ಎನ್ನಲು ಅವಮಾನ. ಅವನ ಚೀಟಿ ಕನ್ನಡಿಯಲ್ಲಿ ನಗುತ್ತಿತ್ತು. ಆಗ ನನಗೆ ಒಂದು ಬುದ್ಧಿವಂತಿಕೆ ಹೊಳೆಯಿತು: ಮರೆಯಲು ಸಾಧ್ಯವೇ ಇಲ್ಲದ ಒಂದು ಜಾಗಕ್ಕೆ ಈ ಪ್ರಾರ್ಥನೆಯನ್ನು ಗಂಟು ಹಾಕಿದರೆ?

ನಾವು ದಿನಾ ಹೋಗುತ್ತಾ ಬರುತ್ತಾ ದಾಟುತ್ತಿದ್ದ ಸೇತುವೆಯ ಕೆಳಗೆ ವೃಷಭಾವತಿ ಹರಿಯುತ್ತದೆ. ಹೆಸರಿಗೆ ನದಿ, ಈಗ ಕಪ್ಪು ಮೋರಿ. ಕೊಳೆತ ಮೊಟ್ಟೆ, ಬಣ್ಣದ ನೀರು, ಸತ್ತದ್ದು, ಹೇತದ್ದು ಎಲ್ಲ ಸೇರಿದ ನಾತ. ಬಸ್ಸಿನಲ್ಲಿ ನಿದ್ದೆ ಹೋದವರೂ ಅಲ್ಲಿ ಮೂಗು ಮುಚ್ಚಿಕೊಂಡು ಏಳುತ್ತಾರೆ. ನಾತ ಮೂಗಿಗೆ ಹೊಡೆದ ಕ್ಷಣ ಆ ಇಬ್ಬರ ಮುಖವನ್ನು ಕಣ್ಣೆದುರು ತಂದುಕೊಂಡು ಪ್ರಾರ್ಥಿಸುವುದೆಂದು ನಿಶ್ಚಯಿಸಿದೆ. ಹೋಗುವಾಗ ಒಂದು, ಬರುವಾಗ ಒಂದು.

ಒಂದು ದಿನವೂ ತಪ್ಪಲಿಲ್ಲ. ವಾರದ ಹಾಳೆಯ ತುಂಬಾ ಸರಿ ಗುರುತು. ಜಿಲ್ಲೆಯ ಮಿಷನರಿಗಳ ಕೂಟದಲ್ಲಿ ಎದ್ದು ನಿಂತು ನನ್ನ ಈ ಉಪಾಯವನ್ನು ಕೊಚ್ಚಿಕೊಂಡೆ. ಎಲ್ಲರೂ ನಕ್ಕರು, ಒಬ್ಬಿಬ್ಬರು ಬರೆದುಕೊಂಡರು. ನಾನು ಉಬ್ಬಿಹೋದೆ.

ಒಂದೂವರೆ ತಿಂಗಳಾದ ಮೇಲೆ, ಆ ಮನೆಯಿಂದ ಇಳಿದು ಬರುವಾಗ ಜೊತೆಗಾರ ಕೇಳಿದ, “ಬ್ರೋ, ಅಂಕಲ್ ನೋಡಿದ್ರೆ ನೀನು ಮುಖ ಯಾಕೆ ಹಂಗೆ ಮಾಡ್ತೀಯ?”

“ಹೆಂಗೆ?”

ಅವನು ಮಾಡಿ ತೋರಿಸಿದ. ಮೂಗು ಸೊಟ್ಟ, ತುಟಿ ಬಿಗಿ, ಕಣ್ಣು ಪಕ್ಕಕ್ಕೆ. ಸೇತುವೆಯ ಮೇಲೆ ನನ್ನ ಮುಖ ಇರುತ್ತಿದ್ದದ್ದೇ ಹಾಗೆ. ಸುಳ್ಳು ಹೇಳಬೇಡ ಎಂದು ಅವನ ಮೇಲೆ ರೇಗಿದೆ. ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ಆ ಮಂಚದ ಪಕ್ಕ ಕೂತ ಕೂಡಲೇ ನನಗೆ ನಾತ ಬರುತ್ತಿತ್ತು. ಆ ಮನೆಯಲ್ಲಿ ನಾತವೇನೂ ಇರಲಿಲ್ಲ. ಗಂಡನನ್ನು ದಿನಾ ಮೀಯಿಸಿ, ಒಗೆದ ಹೊದಿಕೆ ಹಾಕಿ, ನೆಲ ಒರೆಸಿ ಇಟ್ಟಿರುತ್ತಿದ್ದ ಮನೆ ಅದು. ನಾತ ನನ್ನ ಪ್ರಾರ್ಥನೆಯದ್ದು. ನಾನೇ ದಿನಕ್ಕೆರಡು ಸಲ ಆ ಇಬ್ಬರ ಮುಖಕ್ಕೆ ಅದನ್ನು ಬಳಿದಿದ್ದೆ, ದೇವರ ಹೆಸರಿನಲ್ಲಿ.

ನನ್ನ ಆ ಮುಖ ಹೆಂಡತಿಗೆ ಜೊತೆಗಾರನಿಗಿಂತ ಮೊದಲೇ ಕಂಡಿತ್ತು. ಮುಂದಿನ ವಾರ ಹೋದರೆ ಫಿನಾಯಿಲು ಕಣ್ಣಿಗೆ ಹತ್ತುವಷ್ಟು. ಅದರ ಮುಂದಿನ ವಾರ ಫಿನಾಯಿಲಿನ ಜೊತೆಗೆ ಮೂರು ಕಡೆ ಊದುಬತ್ತಿ. ಗಂಡನನ್ನು ಎರಡನೇ ಸಲ ಮೀಯಿಸಲಿಕ್ಕೆಂದು ಅರ್ಧ ದಿನ ರಜ ಹಾಕಿ ಬಂದಿದ್ದರಂತೆ. ಆ ಮನುಷ್ಯ ಚಳಿಗೆ ನಡುಗುತ್ತಲೇ ಹಾಡು ಕೇಳಿದರು.

ಆಕೆ ನೀರು ತಂದುಕೊಡುವಾಗ ಮೆಲ್ಲಗೆ ಕೇಳಿದರು, “ತಮ್ಮಾ, ವಾಸನಿ ಬರತೈತೇನು?”

“ಅಯ್ಯೋ, ಏನೂ ಇಲ್ಲ ಆಂಟಿ,” ಎಂದೆ. ಹೇಳುವಾಗಲೂ ನನ್ನ ಮೂಗು ಮುದುಡಿಕೊಂಡೇ ಇತ್ತು.

ಹೊರಗೆ ಬಂದ ಮೇಲೆ ಜೊತೆಗಾರ ಬಿಡಲಿಲ್ಲ. “ನಿಜ ಹೇಳ್ಬಿಡು ಬ್ರೋ. ಪಾಪ ಅವ್ರು.”

ಏನೆಂದು ಹೇಳಲಿ? ನಿಮ್ಮನ್ನು ನೆನಪಿಟ್ಟುಕೊಳ್ಳಲಿಕ್ಕೆ ನನಗೆ ಹೇಲಿನ ನಾತವೇ ಬೇಕಾಯಿತು, ಆಂಟಿ, ಎಂದೇ? ಹೇಳಬಹುದಿತ್ತು. ಅವರು ಬೈಯುತ್ತಿದ್ದರು, ಬಹುಶಃ ನಕ್ಕೂ ಬಿಡುತ್ತಿದ್ದರು, ಆದರೆ ತಮ್ಮ ಮನೆ ನಾರುತ್ತದೆಂಬ ಕೊರಗು ಅವತ್ತಿಗೆ ಹೋಗುತ್ತಿತ್ತು. ನನಗೆ ಮಾತ್ರ ಮಾನ ಹೋಗುತ್ತಿತ್ತು. ಮುಂದಿನ ವಾರ ಹೇಳುತ್ತೇನೆ ಎಂದೆ. ಅದನ್ನೂ ಗುರಿಯೆಂದು ಹಾಳೆಯಲ್ಲಿ ಬರೆದೆ, ನಾಚಿಕೆಗೆಟ್ಟವನು.

ಮುಂದಿನ ವಾರ ನಾವು ಮೆಟ್ಟಿಲು ಹತ್ತುವಷ್ಟರಲ್ಲಿ ಆಕೆ ಬಾಗಿಲ ಹೊರಗೇ ನಿಂತಿದ್ದರು. ಮೆಟ್ಟಿಲ ಬಳಿಯ ಇಕ್ಕಟ್ಟಿನ ಜಾಗದಲ್ಲಿ ಪಕ್ಕದ ಮನೆಯವರಿಂದ ತಂದ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. “ಒಳಗ ಬ್ಯಾಡ್ರಿ, ಇಲ್ಲೇ ಕೂಡ್ರಿ. ಇಲ್ಲಿ ಗಾಳಿ ಚಲೋ ಐತಿ,” ಎಂದು ಬಾಗಿಲು ಎಳೆದುಕೊಂಡರು. ಮುಖ ಕೊಟ್ಟು ಮಾತಾಡಲಿಲ್ಲ. ಅವರು ನನ್ನೆದುರು ನಾಚಿ ನಿಂತಿದ್ದರು.

ಕುರ್ಚಿಯ ಸದ್ದಿಗೋ ಏನೋ, ಒಳಗಿನಿಂದ ಆ ತೊದಲು ದನಿ ಕೇಳಿತು. “ಯಾರ್ ಬಂದಾರ? ಹಾಡೋ ಹುಡುಗೂರೇನು?”

“ಯಾರೂ ಇಲ್ಲರೀ, ಮಲಕೋರಿ,” ಎಂದರು ಆಕೆ.

ಜೊತೆಗಾರ ನನ್ನ ಮೊಣಕೈ ತಿವಿದ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ನೂಕಿದ್ದರೆ ತೆರೆದುಕೊಳ್ಳುತ್ತಿತ್ತು. ನಾನು ಚೀಲದಿಂದ ಪುಸ್ತಕ ತೆಗೆದೆ, ಪುಟ ಹುಡುಕಿದೆ, ಒಳಗೆ ಕೇಳಿಸದಷ್ಟು ಮೆಲ್ಲಗೆ ಆ ವಾರದ ಪಾಠ ಶುರು ಮಾಡಿದೆ.