ಚೆಂಡಿಗೆ ತಾಗಿದ ಬೆರಳು

ಸಿಡ್ನಿಯ ಕನ್ನಡ ಕೂಟದ ಗಣೇಶನ ಹಬ್ಬದಲ್ಲಿ, ಊಟದ ಸಾಲಿನಲ್ಲಿ ನಿಂತಾಗ, ಹೊಸಬರು ಯಾರಾದರೂ ಮಾತಿಗೆ ಬಂದರೆ ಹೃಷಿಕೇಶನಿಗೆ ಮುಂದಿನ ಪ್ರಶ್ನೆ ಏನೆಂದು ಗೊತ್ತಿರುತ್ತಿತ್ತು.

"ಏನ್ ಕೆಲ್ಸ ನಿಮ್ದು?"

"ಅಮೆರಿಕನ್ ಫುಟ್‌ಬಾಲ್ ವಿಡಿಯೊ ನೋಡೋದು."

"ಅದು ಹಾಬಿ ಆಯ್ತು. ಕೆಲ್ಸ ಏನ್ರೀ?"

"ಅದೇ ಕೆಲ್ಸ."

"ಅಯ್ಯೋ, ಇದಕ್ಕೂ ಪಿಆರ್ ಕೊಡ್ತಾರಾ!"

ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ನೆಲೆಸುವ ಆ ಪಿಆರ್ ಬಂದಿದ್ದು ಇದಕ್ಕಲ್ಲ. ಮೈಸೂರಿನಿಂದ ಬಂದಾಗ ಅವನು ಸಾಫ್ಟ್‌ವೇರಿನ ತಪ್ಪು ಹುಡುಕುವವನಾಗಿದ್ದ. ಆ ಕೆಲಸ ಹೋದ ಮೇಲೆ ಮನುಷ್ಯರ ತಪ್ಪು ಹುಡುಕುವ ಕೆಲಸ ಸಿಕ್ಕಿತು. ಅಷ್ಟನ್ನೆಲ್ಲ ವಿವರಿಸುವ ಹೊತ್ತಿಗೆ ಕೋಸಂಬರಿಯ ಪಾತ್ರೆ ಬಂದುಬಿಡುತ್ತಿತ್ತು. ಕೇಳಿದವರು ಸೌಟು ಹಿಡಿದು ಮುಂದೆ ಸರಿಯುತ್ತಿದ್ದರು.

ಅಮೆರಿಕದ ಭಾನುವಾರದ ಪಂದ್ಯಗಳು ಸಿಡ್ನಿಗೆ ಸೋಮವಾರ ತಲುಪುತ್ತವೆ. ಒಂದು ತಂಡದ ಕೈಯಲ್ಲಿದ್ದ ಚೆಂಡು ಎದುರು ತಂಡದ ಪಾಲಾಗುವುದನ್ನು ಆ ಆಟದಲ್ಲಿ ಟರ್ನ್‌ಓವರ್ ಎನ್ನುತ್ತಾರೆ. ಎಸೆದ ಚೆಂಡನ್ನು ಎದುರಾಳಿ ಮಧ್ಯದಲ್ಲೇ ಹಿಡಿದರೂ ಅದೇ, ಓಡುವವನ ಕಂಕುಳಿನಿಂದ ಕೆಡವಿ ಬಾಚಿಕೊಂಡರೂ ಅದೇ. ಹಿಡಿದವನು ಯಾರೆಂಬುದು ಇಡೀ ಮೈದಾನಕ್ಕೆ ಕಾಣುತ್ತದೆ. ಯಾರ ಬೆರಳು ತಾಗಿ ಚೆಂಡು ದಾರಿ ತಪ್ಪಿತು, ಯಾವ ರಕ್ಷಕ ತನ್ನ ಜಾಗ ಬಿಟ್ಟು ಕದಲಿದ ಎಂಬುದು ಕಾಣುವುದಿಲ್ಲ. ಆಟಗಾರರ ಲೆಕ್ಕಕ್ಕಾಗಿ ಮೊದಲು ನೋಡಿ ಟ್ಯಾಗ್ ಮಾಡಿದ, ಅಂದರೆ ಗುರುತು ಹಾಕಿದ, ಇಬ್ಬರ ಅಭಿಪ್ರಾಯ ಬೇರೆಯಾದರೆ ಆ ತುಣುಕು ನಾರ್ತ್ ಸಿಡ್ನಿಯ ಕಚೇರಿಯಲ್ಲಿ ಹೃಷಿಕೇಶನ ಪರದೆಗೆ ಬರುತ್ತಿತ್ತು. ಶಬ್ದವಿಲ್ಲದ ಚಿತ್ರ. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಅವನು ಹೇಳಿದ ಮೇಲೆ ಇನ್ನೊಬ್ಬರು ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

"ಹೃಷಿ ಸರ್, ನೀವು ಚಿತ್ರಗುಪ್ತನ ಸೀಟಲ್ಲಿ ಕೂತಿದ್ದೀರಿ," ಎಂದು ಪಕ್ಕದ ಮೇಜಿನ ಸುಘೋಷ್ ರೇಗಿಸುತ್ತಿದ್ದ.

"ಚಿತ್ರಗುಪ್ತನಿಗೆ ರೆಂಟ್ ಇರ್ಲಿಲ್ಲ ಕಣಯ್ಯ."

ಪ್ಯಾರಮಟ್ಟಾದ ಅವನ ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆ. ಎರಡನೆಯದು ಮಗಳು ಸಾನ್ವಿಯದು. ಅವಳು ಶಾಲೆಯ ರಜೆಗಳಲ್ಲಿ ಮಾತ್ರ ಬರುತ್ತಿದ್ದಳು. ಬೇರೆಯಾದ ಮೇಲೆ ಹೆಂಡತಿ ಅಪರ್ಣ ಮೆಲ್ಬರ್ನಿನ ಆಸ್ಪತ್ರೆಯೊಂದಕ್ಕೆ ಸೇರಿ, ಕ್ರೇಗಿಬರ್ನ್‌ನಲ್ಲಿ ಮನೆ ಮಾಡಿದ್ದಳು. ರಜೆಗೆ ಬಂದಾಗ ಸಾನ್ವಿ ಸೋಫಾದ ಮೇಲೆ ಕಾಲು ಮಡಚಿಕೊಂಡು ಅಪ್ಪನ ಜೊತೆ ಪಂದ್ಯ ನೋಡುತ್ತಿದ್ದಳು. ಚೆಂಡನ್ನು ಬಿಟ್ಟು ರಕ್ಷಕರನ್ನು ನೋಡುವುದನ್ನು ಅವನೇ ಕಲಿಸಿದ್ದ. "ಒಳ್ಳೆ ಡಿಫೆಂಡರ್ ಕಡೆಗೆ ಯಾರೂ ಚೆಂಡು ಎಸೆಯಲ್ಲ, ಪುಟ್ಟಿ. ಅವನ ಹೆಸರಿನ ಮುಂದೆ ಏನೂ ಬರೆಯೋಕೆ ಇರಲ್ಲ. ಆ ಖಾಲಿ ಜಾಗಾನೇ ಅವನ ಸಾಧನೆ." ಆ ಹುಡುಗಿ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕ್ರೇಗಿಬರ್ನ್‌ನ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ತಂಡಕ್ಕೆ ಸೇರಿದಾಗ, ಅವನು ಇಡೀ ಕಚೇರಿಗೆ ಮೈಸೂರುಪಾಕು ಹಂಚಿದ್ದ. ಅದೂ ಅದೇ ಆಟ; ಮೈಮೇಲೆ ಬಿದ್ದು ಕೆಡಹುವ ಬದಲು ಸೊಂಟಕ್ಕೆ ಕಟ್ಟಿದ ಪಟ್ಟಿಯನ್ನು ಕಿತ್ತರೆ ಸಾಕು.

ಜೂನಿನ ಚಳಿಯಲ್ಲಿ ಅಪರ್ಣ ಮಗಳ ಪಂದ್ಯದ ವಿಡಿಯೊ ಕಳಿಸಿದಳು. ಹೃಷಿಕೇಶ ಅದನ್ನು ಅತ್ಯಂತ ಪ್ರೀತಿಯಿಂದ ನೋಡಿದ. ತನಗೆ ಗೊತ್ತಿದ್ದ ರೀತಿಯಲ್ಲೇ ನೋಡಿದ. ಕೆಂಪು ವೃತ್ತಗಳನ್ನೂ ಬಾಣಗಳನ್ನೂ ಹಾಕಿ ಮಗಳಿಗೇ ಹಿಂದಿರುಗಿಸಿದ. ಇಲ್ಲಿ ಜಾಗ ಬಿಟ್ಟಳು. ಇಲ್ಲಿ ತಡವಾಗಿ ತಿರುಗಿದಳು. ಇಲ್ಲಿ ಗಮನ ತಪ್ಪಿತು. ಗುರುತು ಹಾಕಿದ ಯಾವುದೂ ಸುಳ್ಳಾಗಿರಲಿಲ್ಲ.

ಸಾನ್ವಿಯಿಂದ "ಓಕೆ" ಎಂದಷ್ಟೇ ಉತ್ತರ ಬಂತು. ಜುಲೈ ರಜೆಗೆ ಅವಳು ಬರಲಿಲ್ಲ, ಜ್ವರ ಎಂದಳು. ಆಮೇಲಿನ ಫೋನುಗಳೆಲ್ಲ ಹೋಮ್‌ವರ್ಕಿನ ನೆಪದಲ್ಲಿ ಮೊಟಕಾದವು. ಕೊನೆಗೆ ಅವನು ಅಪರ್ಣಳನ್ನೇ ಕೇಳಿದ.

"ಅಪ್ಪ ನನ್ನನ್ನೂ ಟ್ಯಾಗ್ ಮಾಡ್ತಾನೆ ಅಂತ ಅತ್ತಳು, ಹೃಷಿ. ನಿನಗೆ ಅದು ಪ್ರೀತಿ ಅಂತ ನನಗೆ ಗೊತ್ತು. ಅವಳಿಗೆ ಹದಿನೈದು ವರ್ಷ."

"ಸೆಪ್ಟೆಂಬರ್ ರಜೆಗೆ ಬರ್ತಾಳಾ?"

"ಅವಳನ್ನೇ ಕೇಳು. ಫೋನಲ್ಲಿ ಬೇಡ, ಬಂದು ಕೇಳು. ಶನಿವಾರ ಮ್ಯಾಚ್ ಇದೆ. ಮತ್ತೆ ಆ ಫೋನು ಜೇಬಲ್ಲಿರ್ಲಿ, ದಮ್ಮಯ್ಯ."

ಶನಿವಾರ ಕ್ರೇಗಿಬರ್ನ್‌ನ ಬಯಲಲ್ಲಿ ಗಾಳಿ ಕಿವಿ ಕೊಯ್ಯುವಂತಿತ್ತು. ಮಡಚುವ ಕುರ್ಚಿ ತಂದವರು ಕೂತಿದ್ದರು. ಹೃಷಿಕೇಶ ಎರಡೂ ಕೈಗಳನ್ನು ಜೇಬಿಗೆ ತುರುಕಿ ನಿಂತ. ಪಕ್ಕದಲ್ಲಿ ತಂಡದ ಇನ್ನೊಬ್ಬ ಹುಡುಗಿ ಆದ್ಯಾಳ ತಾಯಿ ಮಹಾಶ್ವೇತಾ ಫೋನಿನಲ್ಲಿ ಪಂದ್ಯವನ್ನು ಚಿತ್ರಿಸುತ್ತಿದ್ದರು.

"ಪಾಪ, ನಿಮ್ಮ ಮಗಳ ಕಡೆಗೆ ಚೆಂಡೇ ಬರ್ತಿಲ್ಲ. ಅವಳಿಗೆ ಬೇಜಾರಾಗಲ್ವಾ?"

"ಬರೋಕೆ ಅವಳು ಬಿಡ್ತಿಲ್ಲ," ಎಂದ ಹೃಷಿಕೇಶ. ಆಕೆಗೆ ಅದು ತಂದೆಯ ಸಮಾಧಾನದ ಮಾತಿನಂತೆ ಕೇಳಿಸಿರಬೇಕು. ಒಂದು ಬಿಸ್ಕತ್ತು ಕೊಟ್ಟರು.

ಎದುರು ತಂಡದ ಕೊನೆಯ ಎಸೆತ ಆದ್ಯಾಳಿದ್ದ ಕಡೆಗೆ ಹೋಯಿತು. ಸಾನ್ವಿ ತನ್ನ ಜಾಗದಿಂದ ಓಡಿ ಬಂದಳು. ಇಬ್ಬರೂ ಒಟ್ಟಿಗೆ ನೆಗೆದರು. ಯಾರದೋ ಬೆರಳು ತಾಗಿ ಮೇಲೆ ಪುಟಿದ ಚೆಂಡು ಹಿಂದೆ ನಿಂತಿದ್ದ ಅವರದೇ ತಂಡದ ಮೂರನೆಯವಳ ಕೈಗೆ ಬಿತ್ತು. ಪಂದ್ಯ ಮುಗಿಯಿತು. ಕೋಚ್ ಓಡಿ ಬಂದು ಆದ್ಯಾಳ ಬೆನ್ನು ತಟ್ಟಿದ.

ಕಾರುಗಳು ನಿಂತ ಕಡೆಗೆ ಸಾನ್ವಿ ನಿಧಾನವಾಗಿ ನಡೆದು ಬಂದಳು.

"ರೆಕಾರ್ಡ್ ಮಾಡಿದ್ಯಾ?"

"ಇಲ್ಲ."

"ಸೀರಿಯಸ್ಲಿ?"

"ಅಮ್ಮನ ಆರ್ಡರ್."

ಅವಳ ತುಟಿಯಂಚಿನಲ್ಲಿ ನಗೆ ಬಂದು ಹೋಯಿತು. "ದಟ್ ಲಾಸ್ಟ್ ಒನ್. ಮೀ ಆರ್ ಆದ್ಯಾ?"

"ಗೊತ್ತಾಗ್ಲಿಲ್ಲ."

"ಯೂ ಡೋಂಟ್ ನೋ? ನಿನಗೇ?"

"ಚೆಂಡು ನೋಡ್ತಿರ್ಲಿಲ್ಲ, ಪುಟ್ಟಿ. ನಿನ್ನ ಮುಖ ನೋಡ್ತಿದ್ದೆ."

ಸಾನ್ವಿ ಶೂಗೆ ಮೆತ್ತಿದ ಕೆಸರನ್ನು ಹುಲ್ಲಿಗೆ ಒರೆಸಿದಳು. ರಜೆಯ ಮಾತನ್ನು ಅವನು ಆಗಲೇ ಕೇಳಿದ. "ಹೇಳ್ತೀನಿ, ಅಪ್ಪ," ಎಂದಳು. ಅಷ್ಟರಲ್ಲಿ ಗೆಳತಿಯರು ಕೂಗಿದರು.

ಭಾನುವಾರ ಪ್ಯಾರಮಟ್ಟಾದಲ್ಲಿ ಅವನು ಎರಡನೆಯ ಕೋಣೆಯ ಕಿಟಕಿ ತೆರೆದು, ಹಾಸಿಗೆಗೆ ಹೊಸ ಹೊದಿಕೆ ಹಾಸಿದ. ಬೇಳೆ ಬೇಯಿಸುವಾಗ ಅಭ್ಯಾಸಬಲದಿಂದ ಒಂದು ಹಿಡಿ ಹೆಚ್ಚೇ ಹಾಕಿದ.

ಸೋಮವಾರ ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಸಾನ್ವಿಯಿಂದ ಒಂದು ತುಣುಕು ಬಂತು. ಮಹಾಶ್ವೇತಾ ತೆಗೆದದ್ದು. ಕೆಳಗೆ, "ನೌ ಯೂ ಕ್ಯಾನ್ ರಿವೈಂಡ್. ಮೀ ಆರ್ ಆದ್ಯಾ?"

ಅವನು ನೋಡಿದ. ಎರಡನೆಯ ಸಲ ನೋಡುವ ಅಗತ್ಯವೇ ಇರಲಿಲ್ಲ, ಆದರೂ ನೋಡಿದ. ಆದ್ಯಾಳ ಬೆರಳು. ಸಾನ್ವಿಯ ಕೈ ಚೆಂಡಿಗಿಂತ ಒಂದು ಗೇಣು ಕೆಳಗಿತ್ತು.

"ಯಾವ ಮ್ಯಾಚ್ ಸರ್ ಇದು? ಹುಡುಗಿಯರು ಆಡ್ತಿದಾರೆ!" ಸುಘೋಷ್ ಬಗ್ಗಿ ನೋಡಿದ.

"ಮನೇದು."

"ಹಾಗಾದ್ರೆ ತೀರ್ಪು ಮನೆಯವರ ಕಡೆಗೇ ಕೊಟ್ಬಿಡಿ, ಸರ್. ಯಾರು ಅಪೀಲ್ ಹೋಗ್ತಾರೆ?"

ಯಾರೂ ಹೋಗುತ್ತಿರಲಿಲ್ಲ. 'ನೀನೇ' ಎಂಬ ಒಂದು ಮಾತು ಸಾಕಿತ್ತು; ರಜೆ ಶುರುವಾಗುವ ಶುಕ್ರವಾರ ಹುಡುಗಿ ಸಿಡ್ನಿಯ ವಿಮಾನ ಹತ್ತಿದರೂ ಹತ್ತಿಯಾಳು. ಹೃಷಿಕೇಶ ಆ ಮಾತನ್ನು ಬೆರಳ ತುದಿಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ. ಮುಂದಿನ ಸಲ ಅವಳು ನಿಜವಾಗಿ ಚೆಂಡು ಮುಟ್ಟಿದಾಗ ಅವನ 'ನೀನೇ'ಗೆ ಏನು ಬೆಲೆ ಉಳಿದೀತು?

ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಬರೆದ: "ಆದ್ಯಾ. ನಿನ್ನ ಕೈ ತಾಗಿಲ್ಲ." ಕಳಿಸಿದ ಮೇಲೆ ಮತ್ತೆ ತುಣುಕನ್ನು ಹಿಂದಕ್ಕೆ ಸರಿಸಿ, ಚೆಂಡು ಇನ್ನೂ ಎಸೆಯುವ ಹುಡುಗಿಯ ಕೈಯಲ್ಲೇ ಇದ್ದ ಗಳಿಗೆಯನ್ನು ನೋಡಿದ. "ಎಸೆಯೋಳು ಮೊದಲು ನಿನ್ನ ಕಡೆ ನೋಡಿದ್ಳು. ನೀನು ಅಲ್ಲಿದ್ದೆ ಅಂತ ಆದ್ಯಾ ಕಡೆ ಎಸೆದ್ಳು. ಇದನ್ನ ಬರೆಯೋಕೆ ನಮ್ಮ ಆಫೀಸಿನ ಲೆಕ್ಕದಲ್ಲಿ ಜಾಗ ಇಲ್ಲ."

ಉತ್ತರ ಬರುವಷ್ಟರಲ್ಲಿ ಅನ್ನ ತಣ್ಣಗಾಗಿತ್ತು.

"ಐ ನ್ಯೂ. ನನ್ನ ಕೈಗೆ ತಾಗಿಲ್ಲ ಅಂತ ನಂಗೆ ಗೊತ್ತಾಗಲ್ವಾ?" ಅದರ ಹಿಂದೆಯೇ ಇನ್ನೊಂದು: "ಈ ರಜೆಗೆ ಟೀಮ್ ಕ್ಯಾಂಪ್ ಇದೆ, ಅಪ್ಪ. ನಿಜವಾಗ್ಲೂ ಇದೆ. ಡಿಸೆಂಬರ್‌ಗೆ ಬರ್ತೀನಿ. ಮೇಬಿ."

ಸಂಜೆಯ ರೈಲು ಹಾರ್ಬರ್ ಸೇತುವೆ ದಾಟುವಾಗ ಎಲ್ಲರೂ ಫೋನು ನೋಡುತ್ತಿದ್ದರು, ಅವನೂ ನೋಡುತ್ತಿದ್ದ. ಮನೆಗೆ ಬಂದು ಎರಡನೆಯ ಕೋಣೆಯ ಕಿಟಕಿ ಮುಚ್ಚಿದ. ಹೊಸ ಹೊದಿಕೆಯನ್ನು ತೆಗೆಯಲಿಲ್ಲ. ಡಿಸೆಂಬರಿನವರೆಗೆ ಧೂಳು ಕೂರದಿರಲೆಂದು ಅದರ ಮೇಲೊಂದು ಹಳೆಯ ಪಂಚೆ ಹರವಿ, ಬಾಗಿಲು ಎಳೆದುಕೊಂಡ.